ಎಣ್ಣೆ ಹಚ್ಚಿದ ಕವಣೆ

ಹತ್ತನೇ ತರಗತಿಯಲ್ಲಿ ಮೇಷ್ಟ್ರು ವರ್ಗಸಮೀಕರಣದ ಪಾಠ ಮಾಡುತ್ತಿದ್ದಾಗ "ಇದೆಲ್ಲ ಯಾತಕ್ಕೆ ಬರುತ್ತೆ ಸಾರ್?" ಎಂದು ಕೇಳಿದವಳು ನಾನು. ನನಗೆ ಆಗಲೂ ಮೂಗಿನ ತುದಿಯಲ್ಲೇ ಕೋಪ. ದಿನಾ ಎಕ್ಸ್ ಹುಡುಕಿ ಹುಡುಕಿ ಸಾಕಾಗಿತ್ತು. ಮೇಷ್ಟ್ರು ಬಯ್ಯಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣದ ಚೂರನ್ನು ಕಿಟಕಿಯಾಚೆ ಎಸೆದು, "ಅದು ಹೋದ ದಾರಿ ಇದೆಯಲ್ಲ, ಅದೇ ಈ ಸಮೀಕರಣ. ದಸರಾ ರಜೆ ಮುಗಿದ ತಕ್ಷಣ ವಿಜ್ಞಾನ ಪ್ರದರ್ಶನ ಇಟ್ಟಿದ್ದೀವಿ. ನೀನೂ ನಿನ್ನ ಪಕ್ಕದವಳೂ ಸೇರ್ಕೊಂಡು ಮಾಡಿ ತೋರಿಸಿ, ನೋಡೋಣ" ಎಂದರು.

ಪಕ್ಕದವಳು ಹಿನಕಲ್‌ನಿಂದ ಕುವೆಂಪುನಗರದ ನಮ್ಮ ಶಾಲೆಗೆ ಬರುತ್ತಿದ್ದಳು. ತೊಂಬತ್ತರ ದಶಕದ ಹಿನಕಲ್ ಇನ್ನೂ ಅರ್ಧ ಹಳ್ಳಿ. ಹೊಲ ಬಡಾವಣೆಗೆ ಹೋದಮೇಲೆ ಅವಳ ಅಪ್ಪ ಲಗೇಜ್ ಆಟೋ ಓಡಿಸುತ್ತಿದ್ದರು. ಅಕ್ಕಂದಿರಿಬ್ಬರ ಓದೂ ಎಸ್ಸೆಸ್ಸೆಲ್ಸಿಗೇ ನಿಂತಿತ್ತು. ಇವಳೊಬ್ಬಳು ಕಾಲೇಜಿಗೆ ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಪ್ರದರ್ಶನದ ಸುದ್ದಿ ಹೇಳಿದಾಗ ಅಪ್ಪ, "ಆಯ್ತು ಮಗ, ನಾನೇ ಬಂದು ನೋಡ್ತೀನಿ. ನಿಂಗೆ ನಿಜ್ವಾಗ್ಲೂ ಲೆಕ್ಕ ಬತ್ತದೆ ಅಂತ ಕಣ್ಣಾರೆ ಕಂಡ್ರೆ ಕಾಲೇಜಿಗೆ ಸೇರುಸ್ತೀನಿ" ಎಂದರಂತೆ. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಅದಕ್ಕೇ ನನಗೆ ಭಯ.

ಕವಣೆ ಕಟ್ಟಿದ್ದು ನಮ್ಮ ಮನೆಯ ಹಿತ್ತಲಿನಲ್ಲಿ. ಹಣ್ಣಿನ ಪೆಟ್ಟಿಗೆಯ ಹಲಗೆ, ಹಳೇ ಕಿಟಕಿಯ ಕೀಲು, ಎಳೆದು ಬಿಡಲು ಸೈಕಲ್ ಟ್ಯೂಬಿನ ಪಟ್ಟಿ, ಚೆಂಡು ಕೂರಿಸಲು ಅಮ್ಮನ ಸೌಟು. ಸೌಟು ಕಾಣದೆ ಅಮ್ಮ ಎರಡು ಹೊತ್ತು ಲೋಟದಲ್ಲಿ ಸಾರು ಬಡಿಸಿ, ಮೂರನೇ ಹೊತ್ತು ನನ್ನ ಕಿವಿ ಹಿಂಡಿದಳು. ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಿಂದ ಚೌಕ ಚೌಕವಾಗಿ ಗೆರೆ ಎಳೆದೆವು. ನಾನು ಗೋಡೆಯ ಪಕ್ಕದಲ್ಲೇ ಉದ್ದಕ್ಕೆ ರಬ್ಬರ್ ಚೆಂಡು ಹಾರಿಸಬೇಕು, ಚೆಂಡು ಯಾವ ಚೌಕ ದಾಟಿತೆಂದು ಅವಳು ನೋಡಿ ಹೇಳಬೇಕು. ಅವಳ ಕಣ್ಣು ಬಲು ಚುರುಕು. ಹಾಗೆ ಮೂರು ಬಿಂದು ಸಿಕ್ಕಿದರೆ ಸಾಕು, ಸಮೀಕರಣ ಅವಳ ಬೆರಳ ತುದಿಯಲ್ಲಿ. ಸೌಟಿನ ಎತ್ತರವನ್ನೇ ಸೊನ್ನೆ ಎಂದು ಇಟ್ಟುಕೊಂಡಿದ್ದೆವು. ಸಮೀಕರಣದ ಎರಡು ಮೂಲಗಳಲ್ಲಿ ಒಂದು, ಚೆಂಡು ಸೌಟು ಬಿಟ್ಟ ಜಾಗ. ಇನ್ನೊಂದು, ಅದೇ ಎತ್ತರಕ್ಕೆ ಚೆಂಡು ಮತ್ತೆ ಇಳಿದು ಬರುವ ಜಾಗ. ಅಲ್ಲಿ ಅಷ್ಟೇ ಎತ್ತರದ ಬಕೆಟ್ ಇಟ್ಟರೆ ಚೆಂಡು ಅದರೊಳಗೇ ಬೀಳಬೇಕು.

ಬಿತ್ತು. ಡಬ್ಬೆಂದು ಒಳಗೇ ಬಿತ್ತು. ಪುಸ್ತಕದಲ್ಲಿದ್ದದ್ದು ಹಿತ್ತಲಲ್ಲಿ ನಿಜವಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಇಬ್ಬರೂ ಕುಣಿದಾಡಿಬಿಟ್ಟೆವು. ಪಟ್ಟಿಯನ್ನು ಒಂದೇ ಗುರುತಿನವರೆಗೆ ಎಳೆದರೆ ಚೆಂಡು ಪ್ರತಿ ಸಲವೂ ಬಕೆಟ್ಟಿಗೇ ಬರುತ್ತಿತ್ತು. ಇವಳು ಕಾಲೇಜು ಸೇರಿದ ಹಾಗೇ ಎಂದುಕೊಂಡೆ.

ನವರಾತ್ರಿ ಬಂತು. ಅಮ್ಮನಿಗೆ ಗೊಂಬೆ ಕೂರಿಸಲು ನಡುಮನೆ ಖಾಲಿಯಾಗಬೇಕು, ನಡುಮನೆಯ ಸಾಮಾನು ಇಡಲು ಕವಣೆಯಿದ್ದ ಹಿತ್ತಲ ಕೋಣೆ ಖಾಲಿಯಾಗಬೇಕು. "ನಿನ್ನ ಆ ದರಿದ್ರ ಯಂತ್ರ ಮೊದಲು ಆಚೆ ಹಾಕು" ಎಂದು ಕೂತಳು. ಸರಿ, ಗೆಳತಿಯ ಅಪ್ಪ ಲಗೇಜ್ ಆಟೋ ತಂದು ಕವಣೆಯನ್ನು ಹಿನಕಲ್‌ಗೆ ಸಾಗಿಸಿದರು. ಅಲ್ಲಿ ಜೋಪಾನವಾಗಿರುತ್ತದೆ ಎಂದು ನಾನು ನಿಶ್ಚಿಂತೆಯಾಗಿ ಚುರುಮುರಿ ತಿನ್ನುತ್ತಾ ರಜೆ ಕಳೆದೆ.

ಪ್ರದರ್ಶನದ ದಿನ ಬೆಳಿಗ್ಗೆ ಆಟೋದಿಂದ ಇಳಿದ ಕವಣೆಗೆ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವಿನ ಹಾರ. ಆಯುಧಪೂಜೆಯಲ್ಲಿ ಅವಳ ಅಪ್ಪ ಅದನ್ನೂ ಆಟೋ, ಕುಡುಗೋಲು, ಸ್ಪ್ಯಾನರುಗಳ ಸಾಲಿನಲ್ಲಿಟ್ಟು ಪೂಜೆ ಮಾಡಿದ್ದರು. ಚೆನ್ನಾಗಿದೆ ಎಂದು ನಕ್ಕೆ. ಹಾರ ತೆಗೆಯಲು ಹೋದಾಗ ಕೈ ಜಿಡ್ಡಾಯಿತು.

"ಇದೇನೇ?"

"ಹರಳೆಣ್ಣೆ" ಎಂದಳು ಮೆಲ್ಲಗೆ. "ಪೂಜೆಗೆ ಮುಂಚೆ ಎಲ್ಲಾದಕ್ಕೂ ಎಣ್ಣೆ ಹಚ್ತಾರೆ ಅಪ್ಪ. ಇದಕ್ಕೂ ಹಚ್ಬುಟ್ಟಿದ್ರು. ನಾನು ನೋಡೋ ಹೊತ್ಗೆ ಆಗೋಗಿತ್ತು."

"ರಬ್ಬರಿಗಾ? ಒರೆಸೋದಲ್ವೇನೇ! ಒಂದ್ಸಲ ಹಾರ್ಸಿ ನೋಡೋದಲ್ವಾ!"

"ಎಂಗೆ ನೋಡ್ಲಿ? ಪೂಜೆ ಆಗಿರೋದನ್ನ ಮನೇಲಿ ಆಡುಸ್ಕೂಡ್ದು, ಮೊದಲ್ನೇ ಏಟು ಸರಸ್ವತಿ ಇರೋ ಕಡೆ ಬೀಳ್ಲಿ, ಅಂದ್ರು. ಮುಟ್ಟಕ್ಕೇ ಬಿಡ್ಲಿಲ್ಲ." ಬಾಡಿದ ಹಾರವನ್ನು ಕೈಗೆತ್ತಿಕೊಂಡು ಹೇಳಿದಳು: "ನಮ್ಮನೇಲಿ ನಂದು ಅನ್ನೋ ಸಾಮಾನು ಪೂಜೆಗಿಟ್ಟಿದ್ದು ಇದೇ ಮೊದ್ಲು ಕಣೇ."

ಯಾರ ಮೇಲೆ ರೇಗಲಿ? ರೇಗಲು ಒಬ್ಬರಾದರೂ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಲಂಗದ ಅಂಚಿನಿಂದ ಪಟ್ಟಿಯನ್ನು ತಿಕ್ಕಿದೆವು. ಅಷ್ಟು ದಿನ ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಬೇರೆ ಪಟ್ಟಿ ಕತ್ತರಿಸೋಣವೆಂದರೆ ಟ್ಯೂಬು ಎಲ್ಲಿ ತರುವುದು? ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದೇಬಿಟ್ಟರು.

ಅವಳು ವಿವರಣೆಯನ್ನು ಎಲ್ಲೂ ತಡವರಿಸದೆ ಹೇಳಿದಳು. ಹಲಗೆಯ ಮೇಲೆ ಚೆಂಡಿನ ದಾರಿಯ ಪರವಲಯ ಬರೆದಳು, ಲೆಕ್ಕ ಬಿಡಿಸಿದಳು, ಅಳೆದು ಬಕೆಟ್ ಇಟ್ಟಳು. ಗುಂಪಿನ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅವಳ ಅಪ್ಪ ಕತ್ತು ಉದ್ದ ಮಾಡಿಕೊಂಡು ನೋಡುತ್ತಿದ್ದರು. ನಾನು ಮನೆದೇವರನ್ನೆಲ್ಲ ನೆನೆದು ಪಟ್ಟಿ ಎಳೆದು ಬಿಟ್ಟೆ. ಚೆಂಡು ಬಕೆಟ್ಟಿಗಿಂತ ಒಂದು ಮಾರು ಹಿಂದೆಯೇ ಬಿತ್ತು. ಮಕ್ಕಳು ನಕ್ಕರು. ಇನ್ನೊಂದು ಸಲ ಎಳೆದೆ. ಇನ್ನೂ ಹತ್ತಿರದಲ್ಲಿ ಬಿತ್ತು. ಹೊಸದಾಗಿ ಮೂರು ಬಿಂದು ಗುರುತಿಸಿ ಹೊಸ ಸಮೀಕರಣ ಮಾಡೋಣವೇ ಎಂದು ಒಂದು ಕ್ಷಣ ಹೊಳೆಯಿತು. ಆದರೆ ಆ ಪಟ್ಟಿ ಒಂದೊಂದು ಏಟಿಗೆ ಒಂದೊಂದು ದಾರಿ ಹಿಡಿಯುತ್ತಿತ್ತು, ಯಾವ ದಾರಿಗೆ ಸಮೀಕರಣ ಬರೆಯುವುದು? ಮೂರನೇ ಏಟಿಗೆ ಪಟ್ಟಿ ಮೊಳೆಯಿಂದ ಜಾರಿ, ಚೆಂಡು ಸೌಟಿನಿಂದ ನನ್ನ ಕಾಲ ಬಳಿಯೇ ಉರುಳಿತು. ಅತಿಥಿಗಳು "ಪ್ರಯತ್ನ ಚೆನ್ನಾಗಿದೆ" ಎಂದು ಮುಂದಿನ ಮೇಜಿಗೆ ನಡೆದರು.

ಅವಳ ಅಪ್ಪ ಹತ್ತಿರ ಬಂದರು. "ಯಾಕ್ ಮಗ, ಏನಾಯ್ತು?"

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳು ನನ್ನ ಮುಂಗೈಯನ್ನು ಉಗುರು ನಾಟುವ ಹಾಗೆ ಹಿಡಿದಳು.

"ನನ್ ಲೆಕ್ಕ ತಪ್ಪೋಯ್ತು ಅಪ್ಪ" ಎಂದಳು.

ಅವರ ಮುಖ ಸಣ್ಣದಾಯಿತು. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ನಾನೂ ತಿರುಗಿಸಿ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಅವರು ಹೆಗಲ ಮೇಲಿನ ಟವೆಲಿನಿಂದ ಮಗಳ ಕಣ್ಣೊರೆಸಿ, "ಓಗ್ಲಿ ಬುಡು, ಅದಕ್ಯಾಕ್ ಅಳ್ತೀಯ" ಎಂದರು.

ಹೊಸ ಪಟ್ಟಿ ಹಾಕಿ ಮನೆಯಲ್ಲೇ ಅವರಿಗೆ ತೋರಿಸೋಣ ಎಂದು ನಾನು ಆಮೇಲೆ ಗೋಗರೆದೆ. "ಹಳೇ ಪಟ್ಟಿಗೇನಾಗಿತ್ತು ಅಂತ ಕೇಳಲ್ವಾ?" ಎಂದಳು. "ಪೂಜೆ ಮಾಡಿ ಮಗಳ ಓದ್ನ ಕೆಡಿಸ್ದೆ ಅಂತ ಅವರು ಕೊರಗೋದು ನಂಗ್ ಬೇಡ ಕಣೇ. ಚೆನ್ನಾಗಿ ಮಾರ್ಕ್ಸ್ ತಗೋತೀನಿ, ಆಗ ಒಪ್ತಾರೆ."

ತಗೊಂಡಳು. ಗಣಿತದಲ್ಲಿ ಇಡೀ ಶಾಲೆಗೆ ಅವಳೇ ಮುಂದು. ನನಗಿಂತ ಎಷ್ಟೋ ಹೆಚ್ಚು. ಫಲಿತಾಂಶ ಬಂದ ದಿನವೇ ನಾನು ಸೈಕಲ್ ತುಳಿದುಕೊಂಡು ಹಿನಕಲ್‌ಗೆ ಹೋದೆ. ಅವಳ ಅಪ್ಪ ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು, ಒಳಗೆ ಕಾಫಿಗೆ ಹೇಳಿದರು. ಅವಳನ್ನು ಕಾಲೇಜಿಗೆ ಸೇರಿಸಿ, ಲೆಕ್ಕದಲ್ಲಿ ಅವಳ ಸಮ ಯಾರೂ ಇಲ್ಲ, ಎಂದು ನಾನು ಒಂದೇ ಉಸಿರಿಗೆ ಹೇಳಿದೆ.

ಅವರು ಕೋಪಿಸಿಕೊಳ್ಳಲಿಲ್ಲ. "ಅಂಗಲ್ಲ ಕಣವ್ವ" ಎಂದರು. "ಓದಿ ಉರು ಹೊಡುದ್ರೆ ಮಾರ್ಕು ಬಂದೇ ಬತ್ತದೆ. ಅವತ್ತು ಅಷ್ಟ್ ಜನದ್ ಮುಂದೆ ನಾನೇ ಕಣ್ಣಾರೆ ನೋಡಿದ್ನಲ್ಲ. ಲೆಕ್ಕ ತಪ್ತು ಅಂತ ಅವಳೇ ಒಪ್ಕಂಡ್ಳು. ಕಾಲೇಜಿಗೆ ಓಗಿ ಅಂಗೇ ಇನ್ನೊಂದ್ಸಲ ನಾಲ್ಕ್ ಜನ ನಕ್ರೆ, ಮಗ ತಡ್ಕಳಾಕಿಲ್ಲ. ನೀನ್ ಓದವ್ವ, ನೀನ್ ಚೆನ್ನಾಗ್ ಓದು."

ನನ್ನ ನಾಲಿಗೆಯ ತುದಿಗೆ ಎಣ್ಣೆಯ ಮಾತು ಬಂದಿತ್ತು. ಕಾಫಿಯ ಲೋಟ ಹಿಡಿದು ಹೊಸಿಲ ಬಳಿ ನಿಂತಿದ್ದ ಅವಳು, ಅಪ್ಪನಿಗೆ ಕಾಣದ ಹಾಗೆ, ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಬಂದು ಲೋಟವನ್ನು ನನ್ನ ಕೈಗೆ ಕೊಟ್ಟು, "ಬಿಸಿ ಇದೆ, ನೋಡ್ಕೊಂಡು ಕುಡಿ" ಎಂದಳು.