ಹಂಗಿಲ್ಲದ ಯಂತ್ರ
ಕೋಲ್ಕತ್ತಾದಲ್ಲಿ ನಮ್ಮ ಮನೆ ಮೂರನೇ ಮಹಡಿ, ಕಾರು ನಿಲ್ಲುವುದು ಕೆಳಗೆ ಅಂಗಳದಲ್ಲಿ. ಕಾರು ತೊಳೆಯಲು ಕರೆಂಟಿನ ಪ್ರೆಶರ್ ವಾಷರ್ ತಂದೆ. ನೆಲಮಹಡಿಯ ಅಜ್ಜಿ, ಎಲ್ಲರ ಬಾಯಲ್ಲೂ ಮಾಶಿಮಾ, ವೈರನ್ನು ಕಿಟಕಿಯೊಳಗೆ ಎಳೆದುಕೊಂಡು ಪ್ಲಗ್ ಹಾಕಿಕೊಡುತ್ತಿದ್ದರು. ಪ್ರತಿ ಭಾನುವಾರ ಅದೇ ಕಿಟಕಿಯಿಂದ ಚಹಾ ಬರುತ್ತಿತ್ತು, ಹಿಂದೆಯೇ ಮಾತು. ನನಗೋ ಸಂಕೋಚ. ಯಾರ ಹಂಗೂ ಬೇಡವೆಂದು ಆ ವಾಷರನ್ನು ಮಾರಿ ಪೆಟ್ರೋಲಿನದು ತಂದೆ.

ಮೊದಲ ದಿನ ಅದರ ಅಬ್ಬರಕ್ಕೆ ಮಾಶಿಮಾ ಕಿಟಕಿಗೆ ಬಂದರು. ತಕ್ಷಣ ನಿಲ್ಲಿಸಿದೆ.

“ನಮ್ಮನೆ ಕರೆಂಟು ಸರಿ ಇರಲಿಲ್ವೇನಪ್ಪಾ?”

ಅಷ್ಟು ಕೇಳಿ, ಹೊಗೆ ಒಳಗೆ ಬರುತ್ತದೆಂದು ಕಿಟಕಿ ಮುಚ್ಚಿದರು. ಭಾನುವಾರಗಳಲ್ಲಿ ಅದು ಈಗಲೂ ಮುಚ್ಚಿಯೇ ಇರುತ್ತದೆ.

ಅಂಗಡಿಯವನು ಎರಡರ ಒತ್ತಡ, ಸದ್ದು, ಖರ್ಚು ಎಲ್ಲ ಹೋಲಿಸಿ ಹೇಳಿದ್ದ. ಚಹಾ ಯಾವುದರ ಜೊತೆ ಬರುತ್ತದೆಂದು ಮಾತ್ರ ನಾನು ಕೇಳಿರಲಿಲ್ಲ.