ಸಾಗುವಾನಿ ಬಾಗಿಲಿನ ರುಚಿ

ಕಳೆದ ವಾರ ನಾನು ನಮ್ಮ ಮನೆಯ ತಲೆಬಾಗಿಲಿನ ರುಚಿ ನೋಡಿದೆ.

ಹೌದು, ನಾಲಿಗೆಯ ಮೇಲೆ ಇಟ್ಟುಕೊಂಡೇ ನೋಡಿದೆ. ಇಡೀ ಬಾಗಿಲನ್ನಲ್ಲ, ಉಳಿಯಲ್ಲಿ ಹೆರೆದ ಒಂದು ಚೂರನ್ನು. (ಬಣ್ಣ ತಾಗದ ಒಳಮೈಯಿಂದ ಹೆರೆದದ್ದು. ಓದುಗರಲ್ಲಿ ಡಾಕ್ಟರುಗಳಿದ್ದರೆ ಗಾಬರಿಯಾಗಬೇಡಿ.) ಬಾಯಿಗೆ ಇಟ್ಟುಕೊಂಡವಳು ಅಲ್ಲೇ ಕಟ್ಟೆಯ ಮೇಲೆ ಕುಳಿತು ನಗಲು ಶುರು ಮಾಡಿದೆ. ನಮ್ಮನೆಯವರು ಒಳಗಿನಿಂದ ಓಡಿ ಬಂದರು. ಬಾಗಿಲು ತಿಂದು ನಗುವ ಹೆಂಡತಿಯನ್ನು ಅವರು ಇಷ್ಟು ವರ್ಷದ ಸಂಸಾರದಲ್ಲಿ ನೋಡಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಚನ್ನಗಿರಿಯ ನಮ್ಮ ಮನೆಯ ತಲೆಬಾಗಿಲು ನನ್ನ ತವರಿನದು. ಎಂಟು ವರ್ಷದ ಹಿಂದೆ ಜಗಳೂರಿನಲ್ಲಿ ತಮ್ಮ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುತ್ತಿದ್ದ. ಇಲ್ಲಿ ನಮ್ಮ ಮನೆಯ ಗೋಡೆಯೂ ಅದೇ ಹೊತ್ತಿಗೆ ಏಳುತ್ತಿತ್ತು. ಅಪ್ಪ ಆಗಲೇ ಇರಲಿಲ್ಲ. ಬಾಗಿಲು ನೀನು ಒಯ್ಯಿ ಅಂತ ಅಮ್ಮ ಹೇಳಿದಳು. ಚೌಕಟ್ಟಿನ ಸಮೇತ ಲಗೇಜ್ ಗಾಡಿಯಲ್ಲಿ ಹೇರಿಕೊಂಡು ಬಂದೆವು.

ಸಾಗುವಾನಿ ಬಾಗಿಲು! ಹಾಗಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಜಗಳೂರಿನ ಕಡೆ ನಾಲ್ಕು ಮನೆಗೆ ಮೂರರಲ್ಲಿ ಜಾಲಿ ಮರದ್ದೋ ಬೇವಿನದ್ದೋ ಬಾಗಿಲು. ಅಂಥ ಊರಿನಲ್ಲಿ ಸಾಗುವಾನಿ ಅಂದರೆ ಸಾಮಾನ್ಯವೇ? ನಾನೂ ಚನ್ನಗಿರಿಗೆ ಬಂದು ಅದನ್ನೇ ಹೇಳಿದೆ. ಹಾಲು ಹಾಕುವವನಿಗೂ ಗೊತ್ತು, ನಮ್ಮದು ಸಾಗುವಾನಿ ಅಂತ.

ಆದರೆ ಈ ಬಾಗಿಲು ಬಂದಾಗಿನಿಂದ ನ್ಯಾಮತಿಯ ನನ್ನ ಅಕ್ಕ ನಮ್ಮ ಮನೆಗೆ ಹಿತ್ತಲ ಬಾಗಿಲಿನಿಂದ ಬರುತ್ತಾಳೆ.

ಬರುವುದನ್ನೇನೂ ಬಿಟ್ಟಿಲ್ಲ. ಹಬ್ಬಕ್ಕೆ ಬರುತ್ತಾಳೆ, ನನಗೆ ಹುಷಾರಿಲ್ಲದಾಗ ಸಾರು ಮಾಡಿಕೊಂಡು ಬರುತ್ತಾಳೆ. ಗೇಟು ತೆಗೆದು, ಕಾಂಪೌಂಡಿನ ಪಕ್ಕದ ಸಂದಿಯಲ್ಲಿ ನುಸುಳಿ, ಒಣಹಾಕಿದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ, ಅಡುಗೆಮನೆಯಲ್ಲಿ ಪ್ರತ್ಯಕ್ಷ. ಯಾಕೆ ಅತ್ತಿಗೆ ಹೀಗೆ ಅಂತ ನಮ್ಮನೆಯವರು ಒಮ್ಮೆ ಕೇಳಿದ್ದಕ್ಕೆ, ಇದೇ ಹತ್ತಿರ ಅಂದಿದ್ದಳಂತೆ. ನಮ್ಮ ಗೃಹಪ್ರವೇಶದ ದಿನವೂ ಹಾಗೇ ಬಂದಳು. ನೆಂಟರೆಲ್ಲ ಮುಂದಿನಿಂದ, ಸ್ವಂತ ಅಕ್ಕ ಹಿಂದಿನಿಂದ.

ಆವತ್ತು ಪಾತ್ರೆ ಎತ್ತಿಡುತ್ತಾ ಒಂದೇ ಒಂದು ಮಾತು ಅಂದಿದ್ದಳು, “ಅಪ್ಪನ ಬಾಗಿಲು ನಿನ್ನ ಪಾಲಾತು ಬಿಡು.”

ನಾನು ಮಹಾ ಬುದ್ಧಿವಂತೆ. ಅಷ್ಟರಲ್ಲೇ ಎಲ್ಲ ಅರ್ಥ ಮಾಡಿಕೊಂಡೆ. ಹಿರಿಯಳಿಗೆ ಸಿಗಬೇಕಿದ್ದ ಸಾಗುವಾನಿ ಕಿರಿಯಳಿಗೆ ಸಿಕ್ಕಿತು ಎಂಬ ಹೊಟ್ಟೆಕಿಚ್ಚು. ಅಲ್ಲದೆ ಇನ್ನೇನು? ಒಂದು ಕಡೆ ಕೋಪ, ಇನ್ನೊಂದು ಕಡೆ ಕಳ್ಳ ಮನಸ್ಸು. ಅವಳು ಸಂದಿಯಿಂದ ಬಂದಾಗಲೆಲ್ಲ ನಾನು ಏನೂ ಕಾಣದವಳ ಹಾಗೆ ಕಾಫಿಗೆ ಇಡುತ್ತಿದ್ದೆ. ಎಂಟು ವರ್ಷ ಹೀಗೇ ಕಳೆಯಿತು.

ಈಗ ಪಾಲಿಶ್ ವಿಷಯಕ್ಕೆ ಬರೋಣ. ನಮ್ಮ ಬೀದಿಯಲ್ಲಿ ಈ ವರ್ಷ ಎದ್ದ ಮನೆಗಳಿಗೆಲ್ಲ ಮುಖ ಕಾಣುವ ಹಾಗೆ ಹೊಳೆಯುವ ಬಾಗಿಲುಗಳು. ನಮ್ಮದೋ, ಅಪ್ಪನ ಕಾಲದ ಹಸಿರು ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಒಳಗೆ ಸಾಗುವಾನಿ ಇಟ್ಟುಕೊಂಡು ಹೊರಗೆ ಈ ಅವತಾರ ಯಾಕೆ ಅನ್ನಿಸಿತು. ಹೊನ್ನಾಳಿಯಿಂದ ಪಾಲಿಶ್ ಮೇಸ್ತ್ರಿ ದಾದಾಪೀರ್ ಅವರನ್ನು ಕರೆಸಿದೆ. ಅರವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಬಾಗಿಲನ್ನು ಕೀಲಿನಿಂದ ಬಿಡಿಸಿ, ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿಸಿ, ಬಣ್ಣ ಬಿಡಿಸುವ ರಿಮೂವರ್ ಬಳಿದು, ತಗಡಿನ ಪಟ್ಟಿಯಿಂದ ಗೀಸಲು ಕೂತರು.

ಅದೇ ದಿನ ಮಧ್ಯಾಹ್ನ ಅಕ್ಕನ ಫೋನು. ಮಗನ ಮದುವೆ ನಿಶ್ಚಯವಾಗಿದೆ, ಭಾನುವಾರ ಭಾವನ ಜೊತೆ ಲಗ್ನಪತ್ರಿಕೆ ತಗೊಂಡು ಕರೆಯಲು ಬರುತ್ತೇನೆ ಅಂದಳು.

ನನಗೆ ಖುಷಿಯಾಯಿತು. ಅರ್ಧ ನಿಮಿಷದ ನಂತರ ಯೋಚನೆ ಹತ್ತಿತು. ಅರಿಶಿನ ಕುಂಕುಮ ಹಿಡಿದು ಮದುವೆಗೆ ಕರೆಯುವವರು ಹಿತ್ತಲಿನಿಂದ ಬರುತ್ತಾರೆಯೇ? ಎಲ್ಲಾದರೂ ಉಂಟೇ? ಮುಂದಿನಿಂದಲೇ ಬರಬೇಕು. ಬಂದರೆ ಎದುರಿಗೆ ಏನು? ಎಂಟು ವರ್ಷ ಹಸಿರು ಬಣ್ಣದಡಿ ಅಡಗಿದ್ದ ಸಾಗುವಾನಿ, ಪಾಲಿಶ್ ಹೊಡೆಸಿಕೊಂಡು, ಅವಳ ಕಣ್ಣು ಕುಕ್ಕುವ ಹಾಗೆ! ಗಾಯಕ್ಕೆ ಉಪ್ಪು ಸವರಲು ನಾನೇ ಮೇಸ್ತ್ರಿಯನ್ನು ಕರೆಸಿದಂತಾಯಿತಲ್ಲ. ಅವಳು ಗೇಟಿನಲ್ಲೇ ಪತ್ರಿಕೆ ಕೊಟ್ಟು ಹೋಗಿಬಿಟ್ಟರೆ? ಹಿತ್ತಲ ದಾರಿಯೂ ಮುಚ್ಚಿಬಿಟ್ಟರೆ?

ಮತ್ತೆ ಹಸಿರು ಬಣ್ಣವನ್ನೇ ಹೊಡೆದುಬಿಡಿ ಅಂತ ಮೇಸ್ತ್ರಿಗೆ ಹೇಳಲು ಅಂಗಳಕ್ಕೆ ಹೋದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾಫಿ ಬಣ್ಣ, ಅದರ ಕೆಳಗೆ ಪ್ರೈಮರು ಎಲ್ಲ ಬಂದು ಮೂಲೆಯೊಂದು ಬೆತ್ತಲಾಗಿತ್ತು. ದಾದಾಪೀರ್ ಬಗ್ಗಿ ಆ ಮೂಲೆಯನ್ನು ಮೂಸುತ್ತಿದ್ದರು.

“ಮೇಡಂ, ಇದು ಸಾಗುವಾನಿ ಅಂತ ಯಾರು ಹೇಳಿದ್ರು?”

ನಮ್ಮ ಅಪ್ಪ ಅಂದೆ. ತೀರಿಕೊಂಡವರ ಮಾತು ತೆಗೆದುಹಾಕಲು ಅವರಿಗೆ ಸಂಕೋಚ. ತಗಡಿನ ಪಟ್ಟಿ ಒರೆಸಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

“ಸಾಗುವಾನಿ ಮ್ಯಾಲೆ ಯಾರಾದ್ರೂ ಹಸಿರು ಬಣ್ಣ ಬಳಿತಾರೇನ್ರಿ?”

ನಿಜ ಅಲ್ಲವೇ? ರೇಷ್ಮೆ ಸೀರೆ ಉಟ್ಟು ಮೇಲೆ ನೈಟಿ ಹಾಕಿಕೊಂಡ ಹಾಗೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಒಬ್ಬರಿಗೂ ಈ ಪ್ರಶ್ನೆ ಹೊಳೆದಿಲ್ಲ. (ಬಾಗಿಲು ಕೂರಿಸಿದ ಬಡಗಿಗೆ ಹೊಳೆದಿತ್ತೋ ಏನೋ, ನನ್ನ ಮುಖ ನೋಡಿ ಸುಮ್ಮನಿದ್ದಿರಬೇಕು.) ಮೇಸ್ತ್ರಿ ಉಳಿಯಿಂದ ಒಂದು ಚೂರು ಹೆರೆದು ನನ್ನ ಅಂಗೈಯಲ್ಲಿಟ್ಟು, ನೀವೇ ನೋಡಿ ಅಂದರು. ನೋಡಿದೆ.

ಕಹಿ. ಯುಗಾದಿಯ ದಿನ ಬೆಲ್ಲ ಕಡಿಮೆಯಾದಾಗ ಬರುತ್ತದಲ್ಲ, ಅದೇ ಕಹಿ. ನಮ್ಮ ಸಾಗುವಾನಿ ಬೇವಾಗಿತ್ತು.

ನಾನು ನಕ್ಕಿದ್ದು ಆಗ. ಎದೆಯ ಮೇಲಿನ ಕಲ್ಲು ಇಳಿದರೆ ಯಾರು ತಾನೇ ನಗುವುದಿಲ್ಲ? ಪಾಪ, ದಾದಾಪೀರ್ ನನಗೆ ಆಘಾತವಾಗಿದೆ ಅಂದುಕೊಂಡು ಸಮಾಧಾನ ಮಾಡತೊಡಗಿದರು. ಬೇವು ಕೆಟ್ಟದ್ದಲ್ಲ, ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಬೇಕಾದರೆ ಸ್ಟೇನ್ ಹಾಕಿ ಸಾಗುವಾನಿಯ ಬಣ್ಣವನ್ನೇ ತಂದುಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂದರು. ಬೇಡವೇ ಬೇಡ ಅಂದೆ. ಬೇವು ಬೇವಿನ ಹಾಗೇ ಕಾಣಲಿ, ಅದರಲ್ಲೂ ಭಾನುವಾರ ಚೆನ್ನಾಗಿ ಕಾಣಲಿ.

ಅಮ್ಮನಿಗೆ ಫೋನು ಹಚ್ಚಿದೆ. ಅವಳು ಆಶ್ಚರ್ಯವೇ ಪಡಲಿಲ್ಲ. ಅದು ನಮ್ಮ ಹಿತ್ತಲಲ್ಲಿದ್ದ ಬೇವಿನ ಮರವಂತೆ. ಅಕ್ಕನನ್ನು ನೋಡಲು ನ್ಯಾಮತಿಯವರು ಬಂದಾಗ ಗಂಡಿನ ತಂದೆ ಬಾಗಿಲು ತಟ್ಟಿ, ನಿಮ್ಮ ಕಡೆ ಬರೀ ಜಾಲಿ, ಬೇವು ಅಲ್ಲೇನ್ರಿ ಅಂದರಂತೆ. ಅಪ್ಪನಿಗೆ ರೋಷ ಬಂದು, ಇದು ಸಾಗುವಾನಿ ಅಂದುಬಿಟ್ಟರಂತೆ. ಸಂಬಂಧ ಕುದುರಿತು, ಸುಳ್ಳೂ ಕುದುರಿತು. ಹಾಗಾದರೆ ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಅಂತ ರೇಗಿದೆ.

“ನಿಮ್ಮಪ್ಪ ಆಡಿದ ಮಾತನ್ನ, ಅವರು ಹೋದಮ್ಯಾಲೆ, ಸುಳ್ಳು ಅಂತ ನಾನು ಹೆಂಗೆ ಹೇಳಲಿ?” ಅಂದಳು ಅಮ್ಮ.

ಭಾನುವಾರ ಬಂತು. ಮರದ ಬಣ್ಣ ಮರೆಸದ ಸೀಲರ್ ಒಂದು ಕೈ ಹೊಡೆಸಿಕೊಂಡು ಒಣಗಿದ ಬಾಗಿಲು ತನ್ನ ಜಾಗದಲ್ಲಿ ನಿಂತಿತ್ತು. ಗೇಟು ಸದ್ದಾಯಿತು. ಭಾವ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದರು. ಅಕ್ಕ? ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಪತ್ರಿಕೆಯ ಕಟ್ಟು, ಆಗಲೇ ಸಂದಿಯ ಕಡೆ ತಿರುಗಿದ್ದಳು. ಮಗನ ಮದುವೆಗೆ ಕರೆಯಲು ಬಂದಾಗಲೂ ಹಿತ್ತಲೇ!

ನನಗೆ ಎಲ್ಲಿಂದ ಧೈರ್ಯ ಬಂತೋ. ಬೇವಿನ ಧೈರ್ಯವೇ ಇರಬೇಕು. ಹೊಸ್ತಿಲಲ್ಲಿ ನಿಂತು ಕೂಗಿದೆ.

“ಮುಂದಿನಿಂದ ಬಾ ಅಕ್ಕಾ.”

ಅವಳು ನಿಂತಳು. ತಿರುಗಿ ನೋಡಿದಳು. ಬಾಗಿಲನ್ನಲ್ಲ, ನನ್ನನ್ನು. ಸೀದಾ ಬಂದಳು, ಬಲಗಾಲಿಟ್ಟು ಒಳಗೆ ಬಂದೇಬಿಟ್ಟಳು. ಬೇವಿನ ಸುದ್ದಿಯನ್ನು ನಾನಿನ್ನೂ ಹೇಳಿಯೇ ಇರಲಿಲ್ಲ.

ಅಡುಗೆಮನೆಗೆ ಬಂದ ಮೇಲೆ ಉಸಿರು ಬಿಡದೆ ಎಲ್ಲ ಹೇಳಿದೆ. ಅದು ಸಾಗುವಾನಿ ಅಲ್ಲ ಕಣೇ, ಬೇವು, ನೀನು ಸುಮ್ಮನೆ ಸಿಟ್ಟಾಗಿದ್ದೆ ಅಂದೆ. ಅಕ್ಕ ಕುಂಕುಮದ ಬಟ್ಟಲು ಕೆಳಗಿಟ್ಟಳು.

“ಬೇವು ಅಂತ ನಂಗೆ ಗೊತ್ತಿಲ್ಲೇನೆ? ಆ ಮರ ಕಡಿವಾಗ ನಾನು ಆರನೇ ಕ್ಲಾಸು. ಕೊಂಬಿಗೆ ಕಟ್ಟಿದ್ದ ಜೋಕಾಲಿ ಬಿಚ್ಚಿದೋಳೇ ನಾನು. ನನ್ನ ಮದುವಿಗೆ ಆಡಿದ ಸುಳ್ಳು, ನಾನೇ ಹೆಂಗೆ ಬಿಚ್ಚಲಿ?”

ಮತ್ತೆ ಸಿಟ್ಟು ಯಾಕೆ?

“ಬಾಗಿಲು ನಿಲ್ಲಿಸೋ ಪೂಜೆಗೆ ನನ್ನ ಕರೆದ್ಯಾ? ಅಪ್ಪನ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಾಕೆ ನಾನು ಬ್ಯಾಡಾದ್ನಾ? ಕರೀದೇ ಇರೋ ಬಾಗಿಲಿಂದ ಹೆಂಗೆ ಬರಲಿ ಹೇಳು.”

ನೆನಪಾಯಿತು. ನಾಳೆ ಒಳ್ಳೇ ದಿನ ಅಂತ ಗಾರೆ ಮೇಸ್ತ್ರಿ ಸಂಜೆ ಹೇಳಿದ್ದ. ಬೆಳಿಗ್ಗೆ ಅವಸರದಲ್ಲಿ ಪಕ್ಕದ ಮನೆಯ ಹೆಂಗಸರನ್ನೇ ಕರೆದು, ಚೌಕಟ್ಟಿಗೆ ಪೂಜೆ ಮಾಡಿ, ಕಾಯಿ ಒಡೆದು ಮುಗಿಸಿದ್ದೆ. ಅಕ್ಕನಿಗೆ ಒಂದು ಫೋನು ಮಾಡಬೇಕು ಅಂತ ಅನ್ನಿಸಿಯೇ ಇರಲಿಲ್ಲ. ನಾಚಿಕೆಯಾಯಿತು. ಬಾಯಿಬಿಟ್ಟು ತಪ್ಪಾಯಿತು ಅಂದೆ. ಅವಳು ಕುಂಕುಮದ ಬಟ್ಟಲು ತಗೊಂಡು ಬಾಗಿಲ ಹತ್ತಿರ ಹೋದಳು. ಹೊಸ ಸೀಲರ್ ಮೇಲೇ ಬೆರಳೂರಿ ಒಂದು ಬೊಟ್ಟಿಟ್ಟಳು. ದಾದಾಪೀರ್ ಬಂದು ಬೈದರೆ ಬೈಯಲಿ, ಅದನ್ನು ನಾನು ಒರೆಸುವುದಿಲ್ಲ. ಆವತ್ತು ಊಟಕ್ಕೆ ಕೂತಾಗ ಮನಸ್ಸು ಎಷ್ಟು ಹಗುರಾಗಿತ್ತೆಂದರೆ ಎರಡು ರೊಟ್ಟಿ ಹೆಚ್ಚೇ ತಿಂದೆ.

ಹೊರಡುವಾಗ ಭಾವ ಬಾಗಿಲನ್ನು ತಟ್ಟಿ ನೋಡಿದರು. ಥೇಟ್ ಅವರ ಅಪ್ಪನ ಹಾಗೆ. ಇದು ಸಾಗುವಾನಿ ಅಲ್ಲವಾ ಅಂದರು. ನಾವಿಬ್ಬರೂ ಒಟ್ಟಿಗೇ ಹೌದು ಅಂದೆವು. ಅದಕ್ಕೇ ಮತ್ತೆ ಇನ್ನೂ ಹಿಂಗೈತೆ ಅಂತ ಭಾವ ತಲೆದೂಗಿದರು.

ಎಲ್ಲ ಸರಿ. ಆದರೆ ‘ಮುಂದಿನಿಂದ ಬಾ ಅಕ್ಕಾ’ ಎಂಬ ಮೂರು ಪದ ಹೇಳಲು ನಾನು ಬಾಗಿಲಿನ ಚರ್ಮವನ್ನೇ ಸುಲಿಸಬೇಕಿತ್ತೇ?