ಇನ್ನೊಂಚೂರು ಸರಿ

ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್‌ಗಳ ಎಷ್ಟೋ ಕನ್ನಡದವರ ಮನೆಗಳಲ್ಲಿ ನಾನು ತೆಗೆದ ಫೋಟೋಗಳು ಗೋಡೆಯ ಮೇಲಿವೆ. ಆ ಮನೆಗಳ ಮಕ್ಕಳು ನನ್ನನ್ನು ಫೋಟೋ ಅಂಕಲ್ ಎಂದೇ ಕರೆಯುತ್ತಾರೆ. ಆದರೆ ನನ್ನ ಹೆಂಡತಿ ತೀರಿಕೊಂಡ ಮರುದಿನ, ಹಾರ ಹಾಕಲು ಅವಳದೊಂದು ಫೋಟೋ ಬೇಕೆಂದು ಮಗಳು ಕೇಳಿದಾಗ, ಕೊಡಲು ನನ್ನಲ್ಲಿ ಒಂದೂ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ. ಹೆಂಡತಿಗೆ ಹೇಳಬೇಕಾಗಿತ್ತು, ಹೇಳಲಿಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಗದಗಿನ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ ತೆಗೆಯುತ್ತಿದ್ದೆ. ಅಮೆರಿಕಕ್ಕೆ ಬಂದದ್ದು ನನ್ನ ಯೋಗ್ಯತೆಯಿಂದಲ್ಲ. ನನ್ನ ಹೆಂಡತಿಯ ಅಣ್ಣ ಹ್ಯೂಸ್ಟನ್‌ನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ತಂಗಿಯ ಹೆಸರಿನಲ್ಲಿ ಅರ್ಜಿ ಹಾಕಿದರು. ಬಹಳ ವರ್ಷ ಕಾದ ಮೇಲೆ ಅವಳಿಗೆ ವೀಸಾ ಸಿಕ್ಕಿತು, ಅವಳ ಬೆನ್ನಿಗೆ ನಾನೂ ಮಗಳೂ ಬಂದೆವು. ವಾರವೆಲ್ಲ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಶನಿವಾರ, ಭಾನುವಾರ ಕ್ಯಾಮೆರಾ ಹಿಡಿಯುತ್ತಿದ್ದೆ.

ನನ್ನನ್ನು ಹೆಚ್ಚಾಗಿ ಕರೆಯುತ್ತಿದ್ದದ್ದು ಗೃಹಪ್ರವೇಶಗಳಿಗೆ. ಹೊಗೆಗೆ ಅಲಾರಾಂ ಕೂಗದಂತೆ ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅಲ್ಯೂಮಿನಿಯಂ ಟ್ರೇಯಲ್ಲಿ ಹೋಮ ಮಾಡುತ್ತಾರೆ. ಸಾಮಾನು ಇನ್ನೂ ಬಂದಿರದ ಹಾಲ್ ಆದರೂ ನೆಂಟರು, ಆಫೀಸಿನ ಸ್ನೇಹಿತರು, ಅವರ ಮಕ್ಕಳು ಎಲ್ಲ ಸೇರಿದರೆ ಕಾಲಿಡಲು ಜಾಗವಿರುವುದಿಲ್ಲ. ನಾನು ಬೆನ್ನನ್ನು ಗೋಡೆಗೆ ಒತ್ತಿ ನಿಂತರೂ ಅರ್ಧ ಜನ ಫೋಟೋದ ಹೊರಗೇ ಉಳಿಯುತ್ತಿದ್ದರು. ಹಾಗಾಗಿ ಬಹಳ ಅಗಲಕ್ಕೆ ನೋಡುವ ಒಂದು ಲೆನ್ಸು ಬೇಕಾಯಿತು. ತಾನೇ ಫೋಕಸ್ ಮಾಡಿಕೊಳ್ಳುವ ಲೆನ್ಸುಗಳು ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. ಲೆನ್ಸಿನ ಸುತ್ತಲಿನ ಬಳೆಯನ್ನು ಕೈಯಿಂದ ತಿರುಗಿಸಿ ಫೋಕಸ್ ಮಾಡುವಂಥದ್ದು ಅಗ್ಗಕ್ಕೆ ಸಿಕ್ಕಿತು. ಪೂರಾ ಲೋಹದ್ದು, ಕೈಗೆ ಭಾರ. ಆಸೆಪಟ್ಟು ತಂದೆ.

ಅದರ ಗುಟ್ಟು ಬೇಗ ಗೊತ್ತಾಯಿತು. ಅಷ್ಟು ಅಗಲದ ಲೆನ್ಸಿನ ಬೆಳಕಿನ ಕಿಂಡಿಯನ್ನು ಎಂಟನೇ ಅಂಕಿಗೆ ಇಟ್ಟು, ಫೋಕಸ್ಸನ್ನು ಒಂದು ಮೀಟರಿನ ಹತ್ತಿರ ನಿಲ್ಲಿಸಿದರೆ ಸಾಕು, ಎದುರಿನ ಮಗುವಿನಿಂದ ಹಿಂದಿನ ಗೋಡೆಯ ತೋರಣದವರೆಗೆ ಎಲ್ಲವೂ ಸ್ಪಷ್ಟ. ಬಳೆ ಅಲುಗಾಡಬಾರದೆಂದು ಅದರ ಮೇಲೆ ಕಪ್ಪು ಟೇಪ್ ಅಂಟಿಸಿಬಿಟ್ಟೆ. ಆಮೇಲೆ ನಾನು ಯಾರ ಮುಖವನ್ನೂ ನೋಡಿ ಫೋಕಸ್ ಮಾಡುವ ಅಗತ್ಯ ಬರಲಿಲ್ಲ.

ಇನ್ನೊಂದು ಗುಟ್ಟೂ ಇತ್ತು. ಆ ಲೆನ್ಸು ಗೋಡೆ, ಬಾಗಿಲು, ಕಂಬಗಳನ್ನು ಗೆರೆ ಎಳೆದ ಹಾಗೆ ನೆಟ್ಟಗೆ ತೋರಿಸುತ್ತದೆ. ಹೊಸ ಮನೆಯವರಿಗೆ ಅದು ಬಹಳ ಇಷ್ಟ. ಆದರೆ ಗೋಡೆಯನ್ನು ನೆಟ್ಟಗಿಡಲು ಅದು ಅಂಚಿನಲ್ಲಿ ನಿಂತವರನ್ನು ಜಗ್ಗುತ್ತದೆ. ರೊಟ್ಟಿ ಬಡಿಯುವಾಗ ಹಿಟ್ಟು ಒಂದು ಕಡೆಗೇ ಹರಿದುಹೋದರೆ ಹೇಗಾಗುತ್ತದೋ, ಅಂಚಿನವರ ಮುಖ ಹಾಗಾಗುತ್ತದೆ. ಅಂಚಿಗೆ ಯಾರನ್ನಾದರೂ ನಿಲ್ಲಿಸಲೇಬೇಕು. ಕರೆದವರ ಮನೆಯವರನ್ನು ನಿಲ್ಲಿಸುವಂತಿಲ್ಲ. ನಾನು ನನ್ನ ಮನೆಯವಳನ್ನು ನಿಲ್ಲಿಸಿದೆ.

ಅವಳೂ ಪ್ರತಿ ಕಾರ್ಯಕ್ರಮಕ್ಕೆ ನನ್ನ ಜೊತೆ ಬರುತ್ತಿದ್ದಳು. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಮೂರು ಗಂಟೆಯ ದಾರಿ, ಡಲ್ಲಾಸ್‌ಗೆ ನಾಲ್ಕು. ಹಿಂದಿನ ಸೀಟಿನಲ್ಲಿ ಟ್ರೈಪಾಡಿನ ಪಕ್ಕ ಅವಳ ಹೋಳಿಗೆ ಡಬ್ಬಿ, ದೊಡ್ಡ ಕುಕ್ಕರು. ಹೋದ ಮನೆಯಲ್ಲಿ ನಾನು ಹಾಲ್‌ಗೆ, ಅವಳು ಅಡುಗೆಮನೆಗೆ. ಊಟ ಬಡಿಸುವ ಮೊದಲು ಗ್ರೂಪ್ ಫೋಟೋ. ಆಗ ಮನೆಯ ಯಜಮಾನಿ ಅವಳನ್ನೂ ಕೂಗುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೊನೆಯಲ್ಲಿ ಬಂದು ಸೇರುತ್ತಿದ್ದಳು. ನಾನು ಕ್ಯಾಮೆರಾದ ಹಿಂದಿನಿಂದ, "ಸರಿ, ಇನ್ನೊಂಚೂರು ಸರಿ," ಎಂದು ಎಡಗಡೆಯ ಕೊನೆಗೆ ತಳ್ಳುತ್ತಿದ್ದೆ. ಅವಳು "ಸರಿ" ಎಂದು ಸರಿಯುತ್ತಿದ್ದಳು. ನನ್ನ ಸರಿಗೂ ಅವಳ ಸರಿಗೂ ಅರ್ಥ ಬೇರೆ ಇತ್ತು.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಮೈಸೂರಿನವರೊಬ್ಬರ ಗೃಹಪ್ರವೇಶ. ಅಂದು ಯಜಮಾನಿ ಅವಳನ್ನು ಬಿಡಲೇ ಇಲ್ಲ.

"ಆಂಟಿ, ಬನ್ನಿ. ಬೆಳಿಗ್ಗೆಯಿಂದ ಒಲೆ ಮುಂದೇ ಇದ್ದೀರ. ನೀವಿಲ್ದೆ ಗ್ರೂಪ್ ಫೋಟೋ ಏನು ಚೆನ್ನ?"

"ನಾ ಯಾಕ್ರಿ ನಿಮ್ಮ ನಡುವ? ಸೀರಿಗೆಲ್ಲ ಹಿಟ್ಟು ಮೆತ್ತೇತಿ."

"ಫೋಟೋದಲ್ಲಿ ಹಿಟ್ಟು ಕಾಣಲ್ಲ ಬನ್ನಿ ಆಂಟಿ. ಅಂಕಲ್ ಅಳಿಸಿಬಿಡ್ತಾರೆ."

ಫೋಟೋ ಆಯಿತು. ಎಲ್ಲರೂ ಕ್ಯಾಮೆರಾದ ಪುಟ್ಟ ಪರದೆಗೆ ಮುಗಿಬಿದ್ದರು. ಮನೆ ಅರಮನೆಯ ಹಾಗೆ ಕಾಣುತ್ತಿದೆ ಎಂದು ಯಜಮಾನರು ಹಿಗ್ಗಿದರು. ಅವಳು ಯಾವತ್ತೂ ನನ್ನ ಫೋಟೋ ನೋಡಲು ಬಂದವಳಲ್ಲ. ಅಂದು ಯಾಕೋ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ರೀ, ನನ್ನ ಮಾರಿ ಹಿಂಗೈತೇನ್ರಿ?"

ಮಾರಿ ಎಂದರೆ ನಮ್ಮ ಕಡೆ ಮುಖ. ಅದು ಲೆನ್ಸಿನ ತಪ್ಪು ಎಂದು ನಾನು ಅಲ್ಲೇ ಹೇಳಬಹುದಿತ್ತು. ಆದರೆ ಪಕ್ಕದಲ್ಲಿ ಯಜಮಾನರು ನಿಂತಿದ್ದರು. ಅವರ ಸ್ನೇಹಿತರೊಬ್ಬರು ಆಗಷ್ಟೇ ನನ್ನ ಲೆನ್ಸನ್ನು ಹೊಗಳಿ, ತಮ್ಮ ಮಗಳ ಮದುವೆಗೆ ನೀವೇ ಬರಬೇಕು ಅಂಕಲ್ ಎಂದಿದ್ದರು. ಇಂಜಿನಿಯರುಗಳ ನಡುವೆ ನನ್ನ ಮಾತಿಗೊಂದು ಬೆಲೆ ಇದ್ದದ್ದು ಆ ಲೆನ್ಸಿನಿಂದ ಮಾತ್ರ. ಹಾಗಾಗಿ ಹೀಗೆಂದೆ:

"ಕ್ಯಾಮೆರಾ ಏನ್ ಮಾಡ್ತೈತಿ? ಇದ್ದ ಮಾರಿ ತೋರಸ್ತೈತಿ."

ಎಲ್ಲರೂ ನಕ್ಕರು. "ಅಂಕಲ್, ಇವತ್ತು ನಿಮಗೆ ಊಟ ಇಲ್ಲ," ಎಂದರು ಯಾರೋ. ಅವಳೂ ನಕ್ಕು, ಸಾರು ಕುದಿಯುತ್ತಿದೆ ಎಂದು ಒಳಗೆ ಹೋದಳು. ವಾಪಸು ಬರುವ ದಾರಿಯಲ್ಲಿ ಅವಳು ಕಾರಿನ ಮುಂದಿನ ಗಾಜಿನ ಮೇಲಿರುವ ಬಿಸಿಲುಮರೆ ಇಳಿಸಿ, ಅದರ ಹಿಂಬದಿಯ ಚಿಕ್ಕ ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಕೂತಿದ್ದಳು. ಬಿಸಿಲಿಗೆ ಇಳಿಸಿರಬೇಕು ಎಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆನೋ, ಈಗ ಹಾಗೆ ಹೇಳಿಕೊಳ್ಳುತ್ತಿದ್ದೇನೋ, ನನಗೇ ಗೊತ್ತಿಲ್ಲ.

ಆಮೇಲಿನ ಫೋಟೋಗಳಲ್ಲಿ ಅವಳು ಯಾರದಾದರೂ ಹೆಗಲ ಹಿಂದೆ ಅರ್ಧ ಮರೆಯಾಗಿ ನಿಲ್ಲುತ್ತಿದ್ದಳು, ಇಲ್ಲವೇ ಫೋಟೋದ ಹೊತ್ತಿಗೆ ಸರಿಯಾಗಿ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ಬರುತ್ತಿತ್ತು. ಬೆಳಿಗ್ಗೆ ಸ್ನಾನಕ್ಕೆ ಮೊದಲು ಬಲಗೆನ್ನೆಗೆ ಹರಳೆಣ್ಣೆ ಹಚ್ಚಿ, ಕೆಳಗಿನಿಂದ ಮೇಲಕ್ಕೆ ತಿಕ್ಕಿಕೊಳ್ಳುವುದು ಶುರುವಾಯಿತು. ಹಲ್ಲುನೋವೇನು ಎಂದು ನಾನು ಕೇಳಲಿಲ್ಲ. ಎಣ್ಣೆ ದಿಂಬಿಗೆ ಹತ್ತುತ್ತದೆ ಎಂದು ಒಮ್ಮೆ ಗೊಣಗಿದೆ.

ಅವಳಿಗೆ ಹೃದಯದ ತೊಂದರೆ ಇದ್ದದ್ದು ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ ಕೆಲವೇ ದಿನ ಇದ್ದಳು. ಮಗಳು ಡಲ್ಲಾಸ್ ಹತ್ತಿರದ ಅಲೆನ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಹಾರ ಹಾಕಲೆಂದು ಮಗಳು ಕೇಳಿದ ಫೋಟೋಗಾಗಿ ನಾನು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಮನೆಯ ಫೋಟೋ ತೆರೆದೆ. ಎಲ್ಲದರ ನಡುವೆಯೂ ಯಾರೋ ನಗುತ್ತಿದ್ದರು. ಅವಳು ಇದ್ದದ್ದರಲ್ಲೆಲ್ಲ ಎಡ ಅಂಚಿನಲ್ಲೇ ಇದ್ದಳು, ಮುಖ ಹೊರಗೆ ಜಗ್ಗಿಕೊಂಡು, ಯಾರೋ ಕಿವಿ ಹಿಡಿದು ಚೌಕಟ್ಟಿನಾಚೆ ಎಳೆಯುತ್ತಿದ್ದಾರೆ ಎಂಬಂತೆ. ಕೊನೆಗೆ ಅವಳ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಅದರಲ್ಲಿ ಅವಳು ಹೆದರಿದವಳ ಹಾಗಿದ್ದಳು. ಬಂದವರೊಬ್ಬರು ಮೆಲ್ಲಗೆ, "ಆಂಟಿ ಹೀಗಿರಲಿಲ್ಲ," ಎಂದದ್ದು ನನಗೆ ಕೇಳಿಸಿತು.

ಈಗ ನಾನು ಅಲೆನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಒಂದು ಭಾನುವಾರ ಮಧ್ಯಾಹ್ನ ಮಗಳು ಆ ರೌಂಡ್ ರಾಕ್‌ನ ಫೋಟೋವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದು ನನ್ನನ್ನು ಕರೆದಳು.

"ಅಪ್ಪಾ, ಇಲ್ಲಿ ನೋಡ್ರಿ. ಅಂಚಿನ ಮಾರಿ ಸರಿ ಮಾಡಾಕ ಒಂದು ಆಪ್ಶನ್ ಐತಿ."

ಅವಳು ಬೆರಳಿನಿಂದ ಏನನ್ನೋ ಎಳೆದಳು. ಜಗ್ಗಿದ್ದ ಕೆನ್ನೆ ಒಳಗೆ ಬಂತು, ಕಿವಿ ಕಿವಿಯ ಜಾಗಕ್ಕೆ ಹೋಯಿತು. ನನ್ನ ಹೆಂಡತಿ ಸೆರಗು ಹಿಡಿದುಕೊಂಡು ನಮ್ಮಿಬ್ಬರನ್ನು ನೋಡುತ್ತ ನಿಂತಳು. ಮೂಗುತಿಯ ಪಕ್ಕ ಒಂದಿಷ್ಟು ಹಿಟ್ಟು ಮೆತ್ತಿತ್ತು.

"ಆದರ ಮನಿ ಬಾಗ್ತೈತ್ರಿ. ಬಾಗಲಾ, ಗ್ವಾಡಿ ಎಲ್ಲಾ ಬಿಲ್ಲಿನ್ಹಂಗ ಆಗ್ಯಾವು. ಕ್ರಾಪ್ ಮಾಡ್ಲೇನು?"

"ಬ್ಯಾಡ. ಬಾಗಿದ್ರ ಬಾಗವಲ್ದ್ಯಾಕ, ಇರ್ಲಿ ಬಿಡು."

ಆಗ ನಾನು ಮಗಳಿಗೆ ಎಲ್ಲವನ್ನೂ ಹೇಳಿದೆ. ಅಂಚಿನಲ್ಲಿ ಮುಖ ಕೆಡುತ್ತದೆ ಎಂದು ಗೊತ್ತಿದ್ದೇ ನಿಲ್ಲಿಸಿದ್ದು, ಗೊತ್ತಿದ್ದೇ ಅದು ಅವಳ ಮುಖವೇ ಎಂದದ್ದು. ಮಗಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಆವಾಗ ಅವ್ವ ನನಗ ಫೋನ್ ಮಾಡಿದ್ಲು. ವಿಡಿಯೋ ಹಚ್ಚು, ನನ್ನ ಮಾರಿ ಒಂದ ಕಡೆ ಜಗ್ಗೇತೇನ ನೋಡು ಅಂದ್ಲು. ಲಕ್ವಾ ಹೊಡದೈತೇನೋ ಅಂತ ಅಂಜಿದ್ಲು. ನಾ ನಕ್ಕೆ. ಯು ಆರ್ ಫೈನ್ ಅಂತ ಹೇಳಿ ಮೀಟಿಂಗಿಗೆ ಹೋದೆ."

"ಆಮ್ಯಾಲ?"

"ನಿಮ್ಮಪ್ಪಗ ಹೇಳಬ್ಯಾಡ, ಸುಮ್ಮನ ಚಿಂತಿ ಮಾಡ್ತಾರ ಅಂದ್ಲು."

ಫೋಟೋದ ಎಡ ಅಂಚಿಗೆ ಜಗ್ಗಿದ್ದದ್ದು ಅವಳ ಬಲಗೆನ್ನೆ; ಆ ಹರಳೆಣ್ಣೆ ನನಗೆ ಆಗ ಅರ್ಥವಾಯಿತು. ನಾನು ಎದ್ದು ಗ್ಯಾರೇಜಿಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಲೆನ್ಸು ತೆಗೆದು, ಬಳೆಯ ಮೇಲಿನ ಟೇಪ್ ಕಿತ್ತೆ. ಅಂಟು ಮಾತ್ರ ಉಳಿಯಿತು. ಬೆರಳಿನಿಂದ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಆ ಫೋಟೋ ಈಗ ಮಗಳ ಮನೆಯ ಹಾಲ್‌ನಲ್ಲಿದೆ. ಗುರುತಿನ ಚೀಟಿಯ ಫೋಟೋವನ್ನು ಇಳಿಸಿ, ಅದರ ಹಾರವನ್ನು ಇದರ ಎಡ ಮೂಲೆಗೆ, ಅವಳ ಮೇಲೆ ಮಾತ್ರ ಬರುವಂತೆ, ಹಾಕಿದೆವು. ಬಂದವರು ಹಾರದ ಪಕ್ಕದ ಆ ಗುಂಪನ್ನೂ ಬಾಗಿದ ಬಾಗಿಲನ್ನೂ ನೋಡಿ, "ಏನಂಕಲ್, ಮನೆ ಯಾಕೆ ಹೀಗೆ ಸೊಟ್ಟಗಿದೆ?" ಎಂದು ಕೇಳುತ್ತಾರೆ.

"ಅದು ಲೆನ್ಸಿನ ತಪ್ಪು," ಎನ್ನುತ್ತೇನೆ. ಈಗ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಆ ಮಾತು.